ಜೀಪು ಕುಡಿದ ನೀರು

೨೪ ಏಪ್ರಿಲ್ ೧೯೭೯, ಮಂಗಳವಾರ

ಯುದ್ಧ ಕಂಡ ಗಾಡಿಯಂತೆ! ಮಿಲಿಟರಿ ಹರಾಜಿನಲ್ಲಿ ತಂದ ಈ ಜೀಪು ಇವತ್ತು ಬಾಗಲಕೋಟೆ ದವಾಖಾನೆಗೆ ಹೊರಟಾಗ, ಕೆರೂರು ದಾಟಿ ದೂರ ಬಂದ ಮೇಲೆ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಅವ್ವ. ಬೆಳಗಿನಿಂದ ವಾಂತಿ, ಭೇದಿ. ಕಣ್ಣು ಒಳಗೆ ಹೋಗಿದ್ದವು. ಬಿಸಿಲಿಗೆ ಪಂಪು ಕಾದರೆ ಎಂಜಿನ್ನಿಗೆ ಪೆಟ್ರೋಲು ಏರುವುದಿಲ್ಲ. ಪಂಪಿಗೆ ಸುತ್ತಿದ್ದ ಒದ್ದೆ ಬಟ್ಟೆ ಒಣಗಿ ಹಪ್ಪಳದಂತಾಗಿತ್ತು. ರೇಡಿಯೇಟರಿನ ನೀರು ತೆಗೆದು ಹೊಯ್ಯೋಣವೆಂದರೆ ಅದೂ ಕುದಿಯುತ್ತಿತ್ತು. ಸುತ್ತ ಒಂದು ಬಾವಿಯಿಲ್ಲ. ಇದ್ದದ್ದು ದಾರಿಗೆಂದು ತಂದ ಮಣ್ಣಿನ ತತ್ರಾಣಿಯ ತಳದ ನೀರಷ್ಟೇ. ಅದನ್ನು ನನ್ನ ಹೆಂಡತಿ ಸತ್ಯವ್ವ ಗುಟುಕು ಗುಟುಕಾಗಿ ಅವ್ವನಿಗೆ ಕುಡಿಸುತ್ತಿದ್ದಳು.

ಕೈ ಚಾಚಿದೆ. ಸತ್ಯವ್ವ ತತ್ರಾಣಿಯನ್ನು ಎದೆಗೆ ಒತ್ತಿಕೊಂಡಳು.

"ಅತ್ತಿ ಕುಡಿಯೂ ನೀರು ಕಬ್ಬಿಣಕ್ಕ ಹಾಕ್ತೀರೇನ್ರಿ?"

ಅವ್ವನೇ ಅಂದಳು: "ಕೊಡವ್ವಾ. ಮೊದಲ ಅದು ಕುಡೀಲಿ."

ಪಂಪಿನ ಮೇಲೆ ಹೊಯ್ದೆ. ಚುಯ್ ಎಂದಿತು. ಸ್ವಲ್ಪ ಹೊತ್ತಿಗೆ ಜೀಪು ಹೊರಟಿತು. ಬಾಗಲಕೋಟೆಯವರೆಗೂ ಅವ್ವ ನೀರು ಕೇಳಲಿಲ್ಲ.

ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದ್ದಾರೆ. "ಬೆಳಕ ಹರಿಯೂಮಟ ಏನೂ ಹೇಳಾಕ ಆಗೂದಿಲ್ರಿ" ಎಂದರು ಡಾಕ್ಟರು.

ಜೀಪು ತಂದ ದಿನದಿಂದ ಅದನ್ನೂ ನನ್ನನ್ನೂ ಬೈಯದೆ ಅವ್ವ ಒಂದು ರಾತ್ರಿಯೂ ಮಲಗಿದವಳಲ್ಲ.

ಇವತ್ತು ಬೈಯದೆ ಮಲಗಿದ್ದಾಳೆ.