ಪಾದ್ರಿಗೆ ಬಾಯಿಯಾದವಳು

ಮಸಾಕಾ, ಉಗಾಂಡಾ
೧೪ ಜನವರಿ ೨೦೨೪

ಮುದ್ದಿನ ತಮ್ಮ ಮಯಾಂಜನಿಗೆ,

ಅಕ್ಕ ನಾಂತುಮೆಯ ಪ್ರೀತಿ. ನೀನು ತಪ್ಪಿಸಿಕೊಂಡು ಸೇರಿದ ನೈರೋಬಿಯ ಚಳಿ ನಿನ್ನ ಎದೆಗಿಳಿಯದಿರಲಿ. ನಿನ್ನ ಕಾಗದ ಬಂದು ಐದು ತಿಂಗಳಾಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲವೂ ಹರಿದು ಹಾಕಿದೆ. ಕ್ಷಮಿಸು.

ಅಮ್ಮನಿಗೆ ಮಂಡಿನೋವು ಹೆಚ್ಚಾಗಿದೆ. ಆದರೂ ಬಾಳೆತೋಟಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಅಪ್ಪ ನಿನ್ನ ಹೆಸರೆತ್ತುವುದಿಲ್ಲ. ಕುಲದ ಸಭೆಯಲ್ಲಿ ಮಕ್ಕಳೆಷ್ಟು ಎಂದು ಯಾರೋ ಕೇಳಿದ್ದಕ್ಕೆ, ಒಬ್ಬಳೇ ಮಗಳು ಎಂದರಂತೆ.

ಗಂಡಸು ಗಂಡಸನ್ನು ಕೂಡಿದರೆ ಜೀವಾವಧಿ ಸಜೆ ಎಂಬ ಹಳೆಯ ಕಾನೂನನ್ನು ಇನ್ನೂ ಬಿಗಿ ಮಾಡಿ ಕಳೆದ ಮೇ ತಿಂಗಳಲ್ಲಿ ಹೊಸ ಕಾನೂನು ತಂದ ದಿನ ನಾನು ರೇಡಿಯೋ ಮುಂದೆ ಕೂತಿದ್ದೆ. ಇಂಥವರು ಮಕ್ಕಳನ್ನು ಸೆಳೆಯುತ್ತಾರೆ, ಮನೆತನ ಮುರಿಯುತ್ತಾರೆ ಎಂದು ಯಾರೋ ವಿವರಿಸುತ್ತಿದ್ದರು. ಆ ವಾಕ್ಯಗಳೆಲ್ಲ ನನಗೆ ಬಾಯಿಪಾಠ. ಅದಕ್ಕೆ ಎರಡು ತಿಂಗಳ ಮೊದಲು ಅಮೆರಿಕದ ಪಾದ್ರಿ ನಮ್ಮ ಚರ್ಚಿನಲ್ಲಿ ಮೂರು ದಿನ ಬೋಧಿಸಿದಾಗ, ಅವನ ಇಂಗ್ಲಿಷನ್ನು ನಮ್ಮ ಲುಗಾಂಡಾ ಭಾಷೆಗೆ ತಿರುಗಿಸಿದವಳು ನಾನೇ ಅಲ್ಲವೇ? ಮುಂದಿನ ಸಾಲಿನಲ್ಲಿ ಇಬ್ಬರು ಸಂಸದರು ಬರೆದುಕೊಳ್ಳುತ್ತಿದ್ದರು. "ನಮ್ಮ ದೇಶದಲ್ಲಿ ನಾವು ಸೋತಾಗಿದೆ. ನೀವಿನ್ನೂ ಗೆಲ್ಲಬಹುದು," ಅಂದ ಪಾದ್ರಿ. ನಾನೂ ಅದನ್ನೇ ಅಂದೆ, ಅವನಿಗಿಂತ ಗಟ್ಟಿಯಾಗಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಅವನು ವಿಮಾನ ಹತ್ತಿದ.

ಇನ್ನು ನಿನ್ನ ಗೆಳೆಯ, ದರ್ಜಿ ಸೆರುಗ್ಗೊನ ವಿಷಯ. ಪೊಲೀಸರಿಗೆ ನಿನ್ನ ಹೆಸರು ಕೊಟ್ಟವನು ಅವನೇ ಇರಬೇಕು, ಗುಟ್ಟು ಗೊತ್ತಿದ್ದದ್ದು ಅವನೊಬ್ಬನಿಗೇ ಎಂದು ಬರೆದಿದ್ದೆಯಲ್ಲ. ಅಮ್ಮನಿಗೆ ಕಾಗದ ಓದುವಾಗ ಆ ಸಾಲನ್ನೂ ಓದಿಬಿಟ್ಟೆ. ಆ ವಾರ ಅವನು ಎಂದಿನಂತೆ ಅವಳ ಮಂಡಿಗೆ ಔಷಧಿ ತಂದ. ಅಮ್ಮ ಬಾಗಿಲಲ್ಲೇ ತಡೆದಳು.

"ನನ್ನ ಮಗನ ಜೊತೆ ಒಂದೇ ತಟ್ಟೇಲಿ ಉಂಡೋನು ನೀನು. ಅವನನ್ನೇ ಹಿಡಿದುಕೊಟ್ಟೆಯಲ್ಲೋ."

"ಇಲ್ಲಮ್ಮ, ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ," ಅಂದ. ಔಷಧಿಯನ್ನು ಹೊಸ್ತಿಲ ಮೇಲಿಟ್ಟು ಹೋದ.

ಬೀದಿಯವರಿಗೆ ಕೇಳಿಸಿದ್ದು ಒಂದೇ ತಟ್ಟೆಯ ಮಾತು. ಹಾಗಾದರೆ ಇವನೂ ಅಂಥವನೇ ಎಂದು ಅಂಗಡಿಗೆ ನುಗ್ಗಿ ಹೊಲಿಗೆ ಮಿಷನ್ ಒಡೆದರು, ಅವನನ್ನು ಎಳೆದೊಯ್ದು ಪೊಲೀಸರಿಗೊಪ್ಪಿಸಿದರು. ನವೆಂಬರಿನಲ್ಲಿ ಜೈಲಿನಲ್ಲೇ ತೀರಿಕೊಂಡ. ಜ್ವರ ಎಂದರು. ಹೆಣಕ್ಕೆ ಸುತ್ತುವ ತೊಗಟೆಬಟ್ಟೆಯನ್ನು ಅವನ ಕುಲದವರು ಕೊಡಲಿಲ್ಲ. ಹಳೆಯ ಹೊದಿಕೆಯಲ್ಲಿ ಸುತ್ತಿ ಹೂತರು. ಅಮ್ಮ ಹೋಗಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಊರಿನ ಯಾರಿಗೂ ವಿಳಾಸ ಕೊಡಬೇಡ. ದೇವರು ನಿನ್ನನ್ನು ಕಾಯಲಿ ಎಂದು ಬರೆಯಲು ಈಗ ಕೈ ತಡೆಯುತ್ತದೆ, ಆದರೂ ಕಾಯಲಿ.

ನಿನ್ನ ಅಕ್ಕ,
ನಾಂತುಮೆ

ಮರೆತ ಮಾತಲ್ಲ, ಬರೆಯಲಾರದೆ ಉಳಿದದ್ದು: ಸೆರುಗ್ಗೊಗೆ ಮಾತ್ರವಲ್ಲ, ನಿನ್ನ ಗುಟ್ಟು ನನಗೂ ಗೊತ್ತಿತ್ತು. ಮೂರನೆಯ ದಿನ ಬೋಧನೆ ಮುಗಿದು ಚಹಾ ಕುಡಿಯುವಾಗ, ನನ್ನ ತಮ್ಮನಿಗಾಗಿ ಪ್ರಾರ್ಥಿಸಿ ಎಂದು ಆ ಪಾದ್ರಿಯನ್ನು ಕೇಳಿಕೊಂಡೆ. ನೀನು ವಾಸಿಯಾಗುತ್ತೀಯೆಂದು ನಂಬಿದ್ದೆ. ಅವನು ಹೆಸರು ಕೇಳಿದ. ತಪ್ಪಾಗಬಾರದೆಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಪಕ್ಕದಲ್ಲಿದ್ದ ನಮ್ಮ ಪಾಸ್ಟರ್ ಅದನ್ನು ಬರೆದುಕೊಂಡರು. ಆ ವಾರವೇ ಪೊಲೀಸರು ನಿನ್ನ ಕೋಣೆಗೆ ಬಂದದ್ದು. ಸೆರುಗ್ಗೊನನ್ನು ಅಮ್ಮ ಬಾಗಿಲಲ್ಲಿ ತಡೆದಾಗ ನಾನು ಅವಳ ಹಿಂದೆಯೇ ನಿಂತಿದ್ದೆ, ತಮ್ಮಾ. ಅವನು ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ.