ಅಪ್ಪ ಕಡೆದ ಚಿಕ್ಕ ಪುಲ್ಲಿ

ಮೋಟಾರ್ ಅಂಗಡಿ, ಹಿಂದಿನ ಕೋಣೆ
ಮಾರ್ಚ್ ೧೦, ಸೋಮವಾರ

ಪ್ರೀತಿಯ ಅಕ್ಕಾ,

ಕೆಮ್ಮು ಕಡಿಮೆ ಆಯ್ತಾ? ಪಂಪ್ ಫ್ಯಾಕ್ಟರಿಯ ಕ್ಯಾಂಟೀನ್ ಊಟ ಸೇರ್ತಿಲ್ಲ ಅಂತ ಅಮ್ಮನಿಗೆ ಫೋನಲ್ಲಿ ಹೇಳಿದೆಯಂತೆ. ಅವತ್ತಿನಿಂದ ಅಮ್ಮನಿಗೂ ಊಟ ಸೇರ್ತಿಲ್ಲ. ಇನ್ನು ಮೇಲೆ ಹೊಟ್ಟೆ ತುಂಬಾ ಉಂಡೆ ಅಂತ ಸುಳ್ಳಾದರೂ ಹೇಳು ಮಾರಾಯ್ತಿ.

ಈಗ ಸುದ್ದಿಗೆ ಬರ್ತೀನಿ. ಹೋದ ವಾರ ಬೇಕರಿಯವರ ಹಿಟ್ಟು ಕಲಸೋ ಮಷೀನಿನ ಮೋಟಾರ್ ಸುಟ್ಟುಹೋಯ್ತು. ಮತ್ತೆ ವೈರ್ ಸುತ್ತೋಕೂ ಆಗದಷ್ಟು ಕರಕಲು. ದಿನಾ ಬೆಳಗ್ಗೆ ಆಸ್ಪತ್ರೆಗೆ ಬ್ರೆಡ್ಡು ಕೊಡೋರು ಅವರು. ಗಂಡ ಹೆಂಡತಿ ಇಬ್ಬರೂ ಕೈಯಲ್ಲೇ ನಾದೋಕೆ ಶುರು ಮಾಡಿದ್ರು. ಅಪ್ಪ ಅಟ್ಟದಿಂದ ಒಂದು ಮೋಟಾರ್ ಇಳಿಸಿದ್ರು. ಯಾವುದು ಗೊತ್ತಾ? ನೀನು ಅಪ್ಪ ಜಗಳ ಆಡಿದ್ದಿರಲ್ಲ, ಅದೇ! ನಿಮಿಷಕ್ಕೆ ಎರಡು ಸಾವಿರದ ಎಂಟುನೂರು ಚಿಲ್ಲರೆ ಸುತ್ತು ತಿರುಗೋದು. ಸುಟ್ಟದ್ದು ಅದರ ಅರ್ಧ ವೇಗದ್ದು. "ಎರಡೂ ಎರಡು ಎಚ್‌ಪಿ ತಾನೇ, ಹಿಟ್ಟು ಇನ್ನೂ ಬೇಗ ಆಗುತ್ತೆ" ಅಂದ್ರು. ಇದು ಆಗಲ್ಲ ಅಂತ ನನಗೆ ಗೊತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಎಂಟು ತಿಂಗಳ ಹಿಂದೆ ಗಿರಾಕಿ ಎದುರಿಗೆ ನೀನು ಇದೇ ಮೋಟಾರ್ ಬಗ್ಗೆ ಬಾಯಿ ಬಿಟ್ಟಿದ್ದಕ್ಕೆ "ನಾಲ್ಕು ಪುಸ್ತಕ ಓದಿದವಳು ಮೂವತ್ತು ವರ್ಷ ತಾಮ್ರ ಸುತ್ತಿದವನಿಗೆ ಪಾಠ ಹೇಳ್ತೀಯಾ" ಅಂದರಲ್ಲ, ನೀನು ಅವತ್ತೇ ಚೀಲ ತುಂಬಿಕೊಂಡೆಯಲ್ಲ, ಅದು ನೆನಪಾಯ್ತು.

ಬೇಕರಿಗೆ ಒಯ್ದು ಜೋಡಿಸಿ ಸ್ವಿಚ್ ಹಾಕಿದ್ದೇ ತಡ, ಪಾತ್ರೆ ಗಿರಗಿರ ಅಂತು, ಒಣಹಿಟ್ಟೆಲ್ಲ ಅಪ್ಪನ ಮೀಸೆ ಮೇಲೆ. ನಗು ಬಂತು, ನುಂಗಿಕೊಂಡೆ. ನೀರು ಸೇರಿ ಹಿಟ್ಟು ಗಟ್ಟಿಯಾದ ಕೂಡಲೇ ಮೋಟಾರ್ ಮುಲುಗಿ ನಿಂತಿತು. ಮತ್ತೆ ಹಾಕಿದ್ರು, ಮತ್ತೆ ನಿಂತಿತು, ಮೈ ಮುಟ್ಟಿದ್ರೆ ಕೆಂಡ. ಬೇಕರಿಯಾಕೆ ಮತ್ತೆ ಕೈಯಲ್ಲಿ ನಾದೋಕೆ ಕೂತರು. ಅವರ ಮಣಿಕಟ್ಟು ಊದಿದ್ದು ಕಂಡು ನನಗೆ ತಡೀಲಿಲ್ಲ.

"ಅಪ್ಪಾ, ಅಕ್ಕ ಹೇಳಿದ್ದು ಇದನ್ನೇ" ಅಂದೆ. ಏರಿನಲ್ಲಿ ಸೈಕಲ್ ಗೇರ್ ಬದಲಿಸಿ ನೀನು ನನಗೆ ತೋರಿಸಿದ್ದನ್ನ ಹಾಗೇ ಒಪ್ಪಿಸಿದೆ. ಎಚ್‌ಪಿ ಅಂದ್ರೆ ತಿರುಗಿಸೋ ಬಲವೂ ವೇಗವೂ ಸೇರಿದ್ದು. ಅದೇ ಎಚ್‌ಪಿಯಲ್ಲಿ ವೇಗ ಎರಡರಷ್ಟಾದ್ರೆ ಬಲ ಅರ್ಧಕ್ಕೆ ಇಳಿಯುತ್ತೆ. ಮೋಟಾರಿನ ಕಡೆ ಬೆಲ್ಟು ಓಡೋ ಚಕ್ರ, ಅದೇ ಪುಲ್ಲಿ, ಅರ್ಧ ಅಳತೆಯದ್ದು ಹಾಕಿದ್ರೆ ಪಾತ್ರೆ ಮೊದಲಿನ ಹಾಗೆ ನಿಧಾನಕ್ಕೆ ತಿರುಗುತ್ತೆ, ಬಲವೂ ವಾಪಸ್ ಬರುತ್ತೆ. ಇಷ್ಟು ಹೇಳಿ ಬೈಗುಳಕ್ಕೆ ಕಾದೆ.

ಅಪ್ಪ ಬೈಯಲಿಲ್ಲ ಕಣೇ. ಮೀಸೆ ಒರೆಸಿಕೊಂಡು ಅಂಗಡಿಗೆ ನಡೆದರು. ಕಬ್ಬಿಣದ ತುಂಡೊಂದನ್ನ ಲೇತಿಗೆ ಕಚ್ಚಿಸಿ ಆರು ಇಂಚಿನ ಜಾಗಕ್ಕೆ ಮೂರು ಇಂಚಿನ ಪುಲ್ಲಿ ತಾವೇ ಕಡೆದರು. ಬೇಕರಿಗೆ ವಾಪಸ್ ಬಂದು ಅದನ್ನ ಹಾಕಿ, ಮೋಟಾರನ್ನ ಸ್ವಲ್ಪ ಹಿಂದಕ್ಕೆ ಸರಿಸಿ ಬೆಲ್ಟು ಬಿಗಿ ಮಾಡಿದರು. ಈ ಸಲ ಹಿಟ್ಟು ಗಟ್ಟಿಯಾದರೂ ಪಾತ್ರೆ ನಿಲ್ಲಲಿಲ್ಲ, ಆನೆ ನಡೆದ ಹಾಗೆ ತಿರುಗಿತು. ಬೇಕರಿಯಾಕೆ ಕಣ್ಣು ಒರೆಸಿಕೊಂಡು "ಇದು ನಿಮಗೆ ಹೇಗೆ ಹೊಳೀತು?" ಅಂದ್ರೆ ಅಪ್ಪ ಏನಂದ್ರು ಹೇಳು? "ನನಗಲ್ಲ, ನನ್ನ ದೊಡ್ಡ ಮಗಳಿಗೆ. ನಾನು ಕೇಳಿಸಿಕೊಳ್ಳೋದು ತಡ ಮಾಡಿದೆ."

 

ನಿನ್ನ ತಲೆ ಸವರಿದೆ ಅಂತ ಬರೆಯೋಕೆ ಅಮ್ಮ ಹೇಳಿದ್ದಾರೆ. ಸರಿಯಾಗಿ ನಿದ್ದೆ ಮಾಡು.

ನಿನ್ನ ತಂಗಿ,
ಕಡ್ಡಿ

ಮರೆತೇಬಿಟ್ಟಿದ್ದೆ: ಬರೋ ಭಾನುವಾರ ಅಪ್ಪ ನಿನ್ನಲ್ಲಿಗೆ ಬರ್ತಿದ್ದಾರೆ. ಬೇರಿಂಗ್ ಕೊಳ್ಳೋಕೆ ಬಂದೆ, ಹಾಗೇ ನೋಡಿ ಹೋಗೋಣ ಅನ್ನಿಸಿತು ಅಂತಾರೆ. ಭಾನುವಾರ ಯಾವ ಬೇರಿಂಗ್ ಅಂಗಡಿ ತೆರೆದಿರುತ್ತೆ ಅಂತ ಮಾತ್ರ ಕೇಳಬೇಡ.