ಬ್ರೇಕ್ ಬಿಚ್ಚಲು ಹೋದವನು ‘ಕಾರಣವಿಲ್ಲದೆ’ ಹತ್ತಿದನೇ?

ಮಾನ್ಯ ಕಟ್ಟಡ ಸುರಕ್ಷತಾ ಅಧಿಕಾರಿಗಳೇ,

ನಿಮ್ಮ ತನಿಖಾ ವರದಿಯ ಒಂಬತ್ತನೇ ಪುಟದಲ್ಲಿ ಒಂದು ಸುಳ್ಳಿದೆ. “ಮೃತ ಕಾರ್ಮಿಕನು ಯಾರ ಸೂಚನೆಯೂ ಇಲ್ಲದೆ, ಯಾವುದೇ ಕಾರಣವಿಲ್ಲದೆ, ಬಿರುಗಾಳಿಯ ಸಮಯದಲ್ಲಿ ಕ್ರೇನ್ ಹತ್ತಿ ತನ್ನ ಸಾವಿಗೆ ತಾನೇ ಹೊಣೆಯಾಗಿರುತ್ತಾನೆ” ಎಂದು ಬರೆದಿದ್ದೀರಿ. ಆ ಮೃತ ಕಾರ್ಮಿಕ ನನ್ನ ಹೆಂಡತಿಯ ತಮ್ಮ. ನಾನು ಆ ಕ್ರೇನಿನ ಆಪರೇಟರ್. ಅವನು ಕೆಳಗೆ ನಿಂತು ಕೈಸನ್ನೆ ಮಾಡುವವನು, ನಾನು ಮೇಲೆ ಕೂತು ಅದರಂತೆ ಎತ್ತಿ ಇಳಿಸುವವನು. ಹನ್ನೊಂದು ವರ್ಷ ಹಾಗೆ ಜೊತೆಯಾಗಿ ದುಡಿದಿದ್ದೇವೆ. ಅವನು ಏಕೆ ಹತ್ತಿದ ಎಂಬುದು ನನಗೆ ಗೊತ್ತು. ನಿಮಗೂ ಗೊತ್ತು. ಗೊತ್ತಿದ್ದೂ ಹಾಗೆ ಬರೆದಿರಿ.

ಕಾರಣ ನಿಮ್ಮದೇ ಸುತ್ತೋಲೆ. “ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ, ಕೆಲಸವಿಲ್ಲದ ವೇಳೆಯಲ್ಲಿ ಕ್ರೇನಿನ ತೋಳು ಅಕ್ಕಪಕ್ಕದ ಕಟ್ಟಡಗಳ ಮೇಲೆ ತಿರುಗತಕ್ಕದ್ದಲ್ಲ, ಅದನ್ನು ಬ್ರೇಕ್ ಹಾಕಿ ಭದ್ರಪಡಿಸತಕ್ಕದ್ದು.” ಓದಲು ಎಷ್ಟು ಚೆನ್ನಾಗಿದೆ! ನಮ್ಮ ಪಕ್ಕದ ಕಟ್ಟಡ ಯಾವುದೆಂದು ಪತ್ರಿಕೆಯಲ್ಲಿ ಇದನ್ನು ಓದುವವರಿಗೆ ನಾನೇ ಹೇಳಿಬಿಡುತ್ತೇನೆ: ನಿಮ್ಮ ಕಚೇರಿ. ಮಧ್ಯಾಹ್ನದ ಗಾಳಿಗೆ ನಮ್ಮ ಕ್ರೇನಿನ ತೋಳು ಮೆಲ್ಲಗೆ ತಿರುಗಿ ನಿಮ್ಮ ಮಾಳಿಗೆಯ ಮೇಲೆ ಬರುತ್ತಿತ್ತು, ಅದರ ನೆರಳು ನಿಮ್ಮ ಮೇಜಿನ ಮೇಲೆ ಬೀಳುತ್ತಿತ್ತು. ಅಷ್ಟಕ್ಕೇ ಇಡೀ ನಗರದ ಹದಿನಾಲ್ಕು ಕ್ರೇನುಗಳ ಕೊರಳಿಗೆ ಹಗ್ಗ ಬಿತ್ತು.

ಕೆಲಸ ಮುಗಿದ ಮೇಲೆ ಟವರ್ ಕ್ರೇನಿನ ತೋಳಿಗೆ ಬ್ರೇಕ್ ಹಾಕಬಾರದು, ಸ್ವಾಮಿ. ಈ ಕಸುಬಿನಲ್ಲಿ ಕಲಿಸುವ ಮೊದಲ ಪಾಠವೇ ಇದು. ಮಳೆಗೆ ಸಿಕ್ಕ ದನ ಗಾಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತದಲ್ಲ, ಬಿಟ್ಟರೆ ಕ್ರೇನೂ ಹಾಗೆಯೇ ಗಾಳಿ ಹೋಗುವ ದಿಕ್ಕಿಗೆ ತಿರುಗಿಕೊಂಡು ಉಳಿಯುತ್ತದೆ. ಬಿಗಿದು ಕಟ್ಟಿದರೆ ಅಷ್ಟುದ್ದದ ತೋಳಿಗೆ ಗಾಳಿ ಅಡ್ಡಲಾಗಿ ಬಡಿಯುತ್ತದೆ, ಕಂಬವೇ ಮುರಿಯುತ್ತದೆ. ಇದನ್ನು ಹೇಳಲು ನಾವಿಬ್ಬರೂ ಕೆಲಸದ ಬೂಟು ಹೊರಗೆ ಬಿಟ್ಟು ನಿಮ್ಮ ಕೋಣೆಗೆ ಬಂದಿದ್ದೆವು. ನೆನಪಿದೆಯೇ? ನೀವು ತಲೆ ಎತ್ತದೆ ಕೇಳಿದಿರಿ: “ಏನಪ್ಪಾ, ನಿನ್ನ ಗಾಡಿನ ಇಳಿಜಾರಲ್ಲಿ ಬ್ರೇಕ್ ಹಾಕದೆ ನಿಲ್ಲಿಸ್ತೀಯಾ?”

ನನ್ನ ಭಾವಮೈದುನನ ಬಾಯಿ ಸುಮ್ಮನಿರುವಂಥದ್ದಲ್ಲ. “ಸಾರ್, ಗಾಡಿ ನಿಂತ್ಕೊಳ್ಳೋದು ನೆಲದ್ ಮೇಲೆ. ಇದು ನಿಂತಿರೋದು ಗಾಳೀಲಿ” ಅಂದ.

“ಗಾಳಿ ಬಂದಾಗ ನೋಡೋಣ, ಹೋಗಿ” ಅಂದಿರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಮುಂದೆ ವಾದ ಮಾಡುವುದೇನು? ಮರುದಿನವೇ ನಮ್ಮ ಸೈಟಿನ ಎಂಜಿನಿಯರ್ ಬಂದು, ಸುತ್ತೋಲೆ ಮೀರಿದರೆ ಕಾಮಗಾರಿಗೆ ಬೀಗ ಬೀಳುತ್ತದೆ ಎಂದು ಎಚ್ಚರಿಸಿದರು. ಅಂದಿನಿಂದ ಪ್ರತಿ ಸಲ ಕೆಳಗಿಳಿಯುವಾಗಲೂ ಬ್ರೇಕ್ ಹಾಕಿಯೇ ಇಳಿದೆ.

ಗಾಳಿ ಬಂತು. ಮಧ್ಯಾಹ್ನ ಒಂದೂವರೆ, ನಾನು ಕೆಳಗೆ ಬುತ್ತಿ ಬಿಚ್ಚಿದ್ದೆ. ಸೆಕೆಯಲ್ಲಿ ಬೇಯುತ್ತಿದ್ದ ಮೈಗೆ ಇದ್ದಕ್ಕಿದ್ದಂತೆ ಚಳಿ ತಾಗಿತು. ನೋಡಿದರೆ ರಸ್ತೆಯಾಚೆ ಕಪ್ಪು ಮೋಡ ಒಂದೇ ಕಡೆ ಮಳೆ ಸುರಿಸುತ್ತಿದೆ, ಅದರ ಬುಡದಿಂದ ಧೂಳಿನ ಗೋಡೆಯೊಂದು ನಮ್ಮ ಕಡೆಗೇ ಎದ್ದು ಬರುತ್ತಿದೆ. ಮಾಳಿಗೆಯಿಂದ ಕೊಡ ನೀರು ಅಂಗಳಕ್ಕೆ ಸುರಿದರೆ ನಾಲ್ಕೂ ಕಡೆಗೆ ಚಿಮ್ಮುವುದಿಲ್ಲವೇ, ಗುಡುಗುಮೋಡದ ತಣ್ಣನೆಯ ಗಾಳಿಯೂ ಹಾಗೆಯೇ ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು ಸಿಡಿಯುತ್ತದೆ. ಅದಕ್ಕೆ ಚಂಡಮಾರುತದ ಹಾಗೆ ಮೂರು ದಿನ ಮುಂಚಿತ ಎಚ್ಚರಿಕೆ ಇರುವುದಿಲ್ಲ. ಆ ಚಳಿ ಮತ್ತು ಆ ಧೂಳೇ ಎಚ್ಚರಿಕೆ. ಕೈಗೆ ಸಿಗುವುದು ನಾಲ್ಕೈದು ನಿಮಿಷ.

ಕೆಲಸದವರೆಲ್ಲ ತಗಡಿನ ಶೆಡ್ಡಿಗೆ ಓಡುತ್ತಿದ್ದರು. “ಅಲ್ಲಿಗಲ್ರೋ, ತಗಡೇ ಕತ್ತಿ ಆಗತ್ತೆ! ನೆಲಮಾಳಿಗೆಗೆ ನಡೀರಿ!” ಎಂದು ಬಾಯಿಗೆ ಬಂದಂತೆ ಬೈದು, ಮೂವತ್ತೆಂಟು ಜನರನ್ನು ಕಾಂಕ್ರೀಟಿನ ಮೆಟ್ಟಿಲ ಕೆಳಗೆ ತಳ್ಳಿದೆ. ಅವರೆಲ್ಲ ಬದುಕಿದ್ದಾರೆ. ಶೆಡ್ಡು ಇಲ್ಲ. ಅದರ ತಗಡೊಂದು ಹಾರಿಬಂದು ಕಾಂಕ್ರೀಟ್ ಮಿಕ್ಸರಿನ ಡ್ರಮ್ಮನ್ನು ಸೀಳಿ ಅಲ್ಲೇ ನಿಂತಿತ್ತು.

ಮೊದಲ ಹೊಡೆತಕ್ಕೇ ಮರಳು ಮುಖದ ಚರ್ಮ ಕಿತ್ತಿತು. ಕ್ರೇನು ಒಮ್ಮೆ ನರಳಿತು. ಕಟ್ಟಿಹಾಕಿದ ತೋಳು ತಿರುಗಲು ಒದ್ದಾಡುತ್ತಿತ್ತು. ಒದ್ದಾಡಿದಷ್ಟೂ ಕಂಬ ತಿರುಚಿಕೊಳ್ಳುತ್ತಿತ್ತು. ಬೋಲ್ಟುಗಳು ಗುಂಡು ಹಾರಿದಂತೆ ಒಂದೊಂದೇ ಸಿಡಿದವು. ಕ್ರೇನಿನ ಏಣಿಯ ಮೇಲೆ ನನ್ನ ಭಾವಮೈದುನನ ಹಳದಿ ಹೆಲ್ಮೆಟ್ ಕಾಣುತ್ತಿತ್ತು. “ಇಳಿಯೋ! ಬಿಟ್ಟು ಇಳಿಯೋ!” ಎಂದು ಗಂಟಲು ಹರಿಯುವಂತೆ ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಕಂಬ ಮಧ್ಯಕ್ಕೆ ಮುರಿದು, ಮೇಲಿನ ಅರ್ಧ ಅವನ ಸಮೇತ ರಸ್ತೆಗೆ ಅಪ್ಪಳಿಸಿತು. ಏಳು ನಿಮಿಷಕ್ಕೆಲ್ಲ ಬಿಸಿಲು ಬಂದಿತ್ತು. ಅವನ ಬೆಲ್ಟಿನ ಕೊಕ್ಕೆ ಏಣಿಗೆ ಸಿಕ್ಕಿಸಿಯೇ ಇತ್ತು. ಅವನ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಬ್ರೇಕ್ ಬಿಚ್ಚುವ ಹಿಡಿ ಇರುವುದು ಮೇಲೆ, ಕ್ಯಾಬಿನ್ನಿನ ಪಕ್ಕದಲ್ಲಿ. ಅದಕ್ಕೆ ಇನ್ನು ಹನ್ನೆರಡೇ ಮೆಟ್ಟಿಲು ಬಾಕಿ ಇತ್ತು. ಅವನನ್ನು ಬಿಡಿಸುವಾಗ ಎಣಿಸಿದೆ.

“ಅನಿರೀಕ್ಷಿತ ಪ್ರಕೃತಿ ವಿಕೋಪ” ಎಂದೂ ನಿಮ್ಮ ವರದಿ ಹೇಳುತ್ತದೆ. ನಗರದ ಇನ್ನೊಂದು ತುದಿಯಲ್ಲಿ ಒಬ್ಬ ಆಪರೇಟರ್ ಇದ್ದಾನೆ, ಮಹಾ ಹಠಮಾರಿ, ನಾವು ‘ಮೊಂಡ’ ಎಂದೇ ಕರೆಯುವುದು. ಅವನು ನಿಮ್ಮ ಸುತ್ತೋಲೆಯನ್ನು ಒಂದು ದಿನವೂ ಪಾಲಿಸಲಿಲ್ಲ. ಅದೇ ಗಾಳಿಗೆ ಅವನ ಕ್ರೇನು ನಾಲ್ಕು ಸುತ್ತು ತಿರುಗಿ ನಿಂತಿತು, ಒಂದು ಬಲ್ಬೂ ಒಡೆಯಲಿಲ್ಲ. ಮರುವಾರ ನೀವು ಅವನಿಗೆ ನೋಟಿಸ್ ಕೊಟ್ಟಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆವು. ಜ್ವರವೇ ಬಾರದ ಎತ್ತಿಗೂ ಬರೆ ಎಳೆದವರು ನೀವೊಬ್ಬರೇ.

ಇನ್ನು ನನ್ನ ಪಾಲಿನ ಸುಳ್ಳು. “ಯಾರ ಸೂಚನೆಯೂ ಇಲ್ಲದೆ” ಎಂದು ನಿಮ್ಮ ಗುಮಾಸ್ತ ಬರೆದುಕೊಳ್ಳುವಾಗ ನಾನು ಎದುರಿಗೇ ಕೂತಿದ್ದೆ, ತುಟಿ ಬಿಚ್ಚಲಿಲ್ಲ. ಚಳಿ ತಾಗಿದ ಕೂಡಲೇ ಅವನು ಕೇಳಿದ್ದ: “ಭಾವ, ಬ್ರೇಕ್ ಹಾಕಿದ್ದೀರಲ್ಲ?” ನಾನು ಜನರನ್ನು ಒಳಗೆ ಓಡಿಸುವ ಗಡಿಬಿಡಿಯಲ್ಲಿದ್ದೆ. “ಹೂಂ, ಬೇಗ ಹೋಗಿ ಬಿಚ್ಚಿ ಬಾ” ಅಂದೆ. ಅಂಥ ಹೊತ್ತಿನಲ್ಲಿ ಯಾರೂ ಮೇಲೆ ಹತ್ತಬಾರದು, ಕ್ರೇನು ಹಾಳಾದರೆ ಹಾಳಾಗಲಿ, ಮನುಷ್ಯರು ದೂರ ಸರಿಯಬೇಕು. ಇಪ್ಪತ್ತು ವರ್ಷದ ಕಸುಬುದಾರನಾದ ನನಗೆ ಇದು ಗೊತ್ತಿತ್ತು. ಆದರೂ ಕಳುಹಿಸಿದೆ. ಬ್ರೇಕ್ ಹಾಕಿದವನು ನಾನು, ಹತ್ತಿಸಿದವನೂ ನಾನು. ಇದನ್ನು ನನ್ನ ಹೆಂಡತಿಗೆ ಮೂರು ತಿಂಗಳು ಹೇಳಲಿಲ್ಲ. “ಇವನಿಗ್ಯಾಕೆ ಬೇಕಿತ್ತು ಹತ್ತೋದು, ಬುದ್ಧಿ ಇರ್ಲಿಲ್ವಾ ಇವನಿಗೆ” ಎಂದು ಅವಳು ಸತ್ತ ತಮ್ಮನನ್ನು ಬೈದುಕೊಂಡು ಅಳುವಾಗ, ನಾನು ಪಕ್ಕದಲ್ಲೇ ಕೂತು ಸುಮ್ಮನೆ ಕೇಳಿಸಿಕೊಂಡೆ. ಥೂ ನನ್ನ ಜನ್ಮಕ್ಕೆ.

ನನ್ನ ಬೇಡಿಕೆ ಇಷ್ಟೇ. ಒಂಬತ್ತನೇ ಪುಟವನ್ನು ತಿದ್ದಿ: ಸುತ್ತೋಲೆಯಂತೆ ಹಾಕಿದ್ದ ಬ್ರೇಕನ್ನು ಬಿಚ್ಚಲು, ಆಪರೇಟರನ ಮಾತಿನಂತೆ, ಅವನು ಹತ್ತಿದ ಎಂದು ಬರೆಯಿರಿ. ನನಗೆ ಏನು ಶಿಕ್ಷೆಯೋ ಕೊಡಿ, ಬರುತ್ತೇನೆ. ಸುತ್ತೋಲೆಯನ್ನು ಇಂದೇ ಹಿಂತೆಗೆದುಕೊಳ್ಳಿ. ಮಳೆಗಾಲ ಇನ್ನೂ ಮುಗಿದಿಲ್ಲ, ಹನ್ನೆರಡು ಕ್ರೇನುಗಳು ಈ ಹೊತ್ತಿಗೂ ಕಟ್ಟಿಹಾಕಿಸಿಕೊಂಡೇ ನಿಂತಿವೆ.

ನಿಮಗೂ ಪತ್ರಿಕೆಗೂ ಕಳುಹಿಸುವ ಮೊದಲು ಈ ಪತ್ರವನ್ನು ನಿನ್ನೆ ಬೆಳಿಗ್ಗೆ ಹೆಂಡತಿಗೆ ಓದಿ ಹೇಳಿದೆ. ಕೈಯಲ್ಲಿದ್ದ ಚೊಂಬನ್ನು ನನ್ನತ್ತ ಬೀಸಿ ಎಸೆದಳು. ಹಣೆಗೆ ಮೂರು ಹೊಲಿಗೆ ಬಿದ್ದಿವೆ. ಸಂಜೆ ಒಳಗಿನಿಂದಲೇ ಹೇಳಿದಳು: “ನಿಮಗೆ ಬಾಯಿ ಬಿಡೋಕೆ ಮೂರು ತಿಂಗಳು ಬೇಕಾಯ್ತು. ಅವರಿಗೆ ಇನ್ನೆಷ್ಟು ಬೇಕಂತೆ, ಅದನ್ನೂ ಬರೆದು ಕೇಳಿ.”

ಕೇಳುತ್ತಿದ್ದೇನೆ.

ಇಂತಿ,
ನಿಮ್ಮ ಆಜ್ಞೆಯನ್ನು ತಪ್ಪದೆ ಪಾಲಿಸಿದ ತಪ್ಪಿತಸ್ಥ,
ಒಬ್ಬ ಕ್ರೇನ್ ಆಪರೇಟರ್